ಜಿಂಕೆಗೂ ಹಂದಿಗೂ ಒಂದೇ ರೈಫಲ್ ಬೇಕಂತೆ, ತಮ್ಮನಿಗೆ ಯಾವುದು ಹೇಳಲಿ?

ಹಾನುಬಾಳು ಹುಡುಗ | ಸಕಲೇಶಪುರ
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರ, ನಗಬೇಡಿ.

ನನ್ನ ತಮ್ಮ ಟೆಕ್ಸಾಸಿನಲ್ಲಿದ್ದಾನೆ. ಸಾಫ್ಟ್‌ವೇರ್ ಕೆಲಸ, ಹೋಗಿ ನಾಲ್ಕು ವರ್ಷ ಆಯಿತು. ಅವನ ಆಫೀಸಿನ ಒಬ್ಬರಿಗೆ ಸ್ಯಾನ್ ಆಂಟೋನಿಯೋ ಹತ್ತಿರ ಜಮೀನಿದೆಯಂತೆ. ಅಲ್ಲಿ ಹಂದಿ ಕಾಟ ವಿಪರೀತ, ಬಾ ಹೊಡೆಯೋಣ ಅಂತ ಕರೆದಿದ್ದಾರೆ. ನವೆಂಬರಿನಲ್ಲಿ ಜಿಂಕೆ ಸೀಸನ್ನೂ ಶುರುವಾಗುತ್ತದಂತೆ. ಈಗ ಇವನಿಗೆ ಸ್ವಂತ ರೈಫಲ್ ಬೇಕು. ಎರಡಕ್ಕೂ ಒಂದೇ ಆಗಬೇಕು. ನಿನ್ನೆ ರಾತ್ರಿ ಫೋನ್ ಮಾಡಿ, "ಅಣ್ಣಾ, ನಮ್ಮನೆಯಲ್ಲಿ ತಾತನ ಕಾಲದಿಂದ ಕೋವಿ ಇದೆ, ನಿನಗೆ ಗೊತ್ತಿರುತ್ತೆ, ಯಾವುದು ತಗೊಳ್ಳಲಿ?" ಅಂತ ಕೇಳಿದ.

ನನಗೆ ಗೊತ್ತಿರುವುದು ಅಪ್ಪನ ಜೋಡಿ ನಳಿಗೆ ಕೋವಿ ಒಂದೇ. ಅಪ್ಪ ಹೋಗಿ ಒಂದೂವರೆ ವರ್ಷ ಆಯಿತು. ಆಯುಧ ಪೂಜೆಗೆ ಕೆಳಗಿಳಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಇಟ್ಟು ಮತ್ತೆ ಗೋಡೆಗೆ ಹಾಕುತ್ತೇನೆ, ಅಷ್ಟೇ. ಅವನು ಕಳಿಸಿದ ಪಟ್ಟಿ ನೋಡಿದರೆ .243, .270, .308, .30-06, 6.5 ಕ್ರೀಡ್‌ಮೂರ್ ಅಂತೆಲ್ಲ ಬೋರಿನ (ನಳಿಗೆ ತೂತಿನ ಅಳತೆ) ನಂಬರ್ ಇದೆ. ಪಿನ್‌ಕೋಡ್ ಓದಿದ ಹಾಗಾಯಿತು. ತಿಳಿದವರು ಹೇಳಿ.

ರೊಬಸ್ಟಾ ರಾಯ | ಬೇಲೂರು
ಪಿನ್‌ಕೋಡ್ 😂 573134 ಹಾಕಿ ಕಳಿಸಿ, ನೇರ ಸಕಲೇಶಪುರಕ್ಕೇ ಬರುತ್ತೆ ಗುಂಡು.

ಜೋಡಿ ನಳಿಗೆ | ಮೂಡಿಗೆರೆ
ರೈಫಲ್ ಯಾಕೆ ಬೇಕು? ಹನ್ನೆರಡು ಬೋರಿನ ಜೋಡಿ ನಳಿಗೆ ತಗೊಳ್ಳಲು ಹೇಳಿ. ಒಂದರಲ್ಲಿ ಎಲ್‌ಜಿ (ದಪ್ಪ ಚರೆಯ ತೋಟಾ), ಇನ್ನೊಂದರಲ್ಲಿ ಒಂಟಿ ಗುಂಡು. ನಮ್ಮ ಹಿರಿಯರು ಅದರಲ್ಲೇ ಎಲ್ಲ ಮಾಡಿದರು. ಹಳುವಿನಿಂದ (ಪೊದೆಯಿಂದ) ಹಂದಿ ನುಗ್ಗಿ ಬಂದಾಗ ದುರ್ಬೀನಿನಲ್ಲಿ ಕಣ್ಣಿಟ್ಟುಕೊಂಡು ಕೂತರೆ ಆಯಿತು ಕಥೆ.

ಡಲ್ಲಾಸ್ ದೋಸೆ | ಊರು ಚಿಕ್ಕಮಗಳೂರು, ಇರುವುದು ಡಲ್ಲಾಸ್
ಗೌಡ್ರೇ, ನೀವು ಹೇಳಿದ್ದು ನಮ್ಮ ಕಾಡಿಗೆ ಸರಿ. ಅಲ್ಲಿ ಹಂದಿ ಕಾಣುವುದೇ ಹದಿನೈದು ಮಾರು ದೂರದಲ್ಲಿ. ಇಲ್ಲಿ ಹಾಗಲ್ಲ. ಬಯಲು, ಕುರುಚಲು ಗಿಡ. ಪ್ರಾಣಿ ನೂರು ಗಜ, ನೂರೈವತ್ತು ಗಜದಲ್ಲಿ ನಿಂತಿರುತ್ತದೆ. ಎಲ್‌ಜಿ ತೋಟಾದ ಚರೆ ನಲವತ್ತು ಗಜ ದಾಟಿದರೆ ಚದುರಿಬಿಡುತ್ತದೆ. ಪ್ರಾಣಿಗೆ ಗಾಯ ಮಾಡಿ ಓಡಿಸಿದ ಹಾಗಾಗುತ್ತದೆ, ಅಷ್ಟೇ.

ನಾನು ಆರು ವರ್ಷದಿಂದ ಇಲ್ಲಿ ಹೋಗುತ್ತಿದ್ದೇನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮೊದಲ ರೈಫಲ್ ಆದರೆ .308, ಬೋಲ್ಟ್ ಎಳೆಯುವ ತರಹದ್ದು. 150 ಗ್ರೇನ್ ತೂಕದ ಗುಂಡು. ಜಿಂಕೆಗೂ ಸರಿ, ದೊಡ್ಡ ಹಂದಿಗೂ ಸರಿ. ಮುಖ್ಯವಾಗಿ ಯಾವ ಅಂಗಡಿಗೆ ಹೋದರೂ ತೋಟಾ ಸಿಗುತ್ತದೆ. ಫ್ಯಾಶನ್ ಬೋರ್ ತಗೊಂಡರೆ ಸೀಸನ್ ಹಿಂದಿನ ದಿನ ತೋಟಾ ಹುಡುಕುತ್ತಾ ಅಲೆಯಬೇಕು.

ಹಾನುಬಾಳು ಹುಡುಗ
ಇದು ಅರ್ಥವಾಯಿತು ಸಾರ್. ಹಾಗಾದರೆ .30-06 ಬೇಡವಾ? ಅವನ ಆಫೀಸಿನವರು ಅದನ್ನೇ ಹೇಳಿದ್ದಾರಂತೆ.

ಮಾಜಿ ಹವಾಲ್ದಾರ್ | ಅರಸೀಕೆರೆ
ಥರ್ಟಿ ಆಟ್ ಸಿಕ್ಸ್ ಒಳ್ಳೆಯದೇ. 1906ರಲ್ಲಿ ಅಮೆರಿಕದ ಸೇನೆಗೆ ಬಂದ ತೋಟಾ ಅದು, ಹೆಸರಿನಲ್ಲಿರುವ 06 ಅದೇ. .308 ಬಂದದ್ದು 1952ರಲ್ಲಿ. ತೋಟಾ ಗಿಡ್ಡ, ಕೆಲಸ ಹೆಚ್ಚು ಕಡಿಮೆ ಅಷ್ಟೇ. ನಮ್ಮ ಸೇನೆಯ ಎಸ್‌ಎಲ್‌ಆರ್ ರೈಫಲ್‌ನಲ್ಲಿ ಹಾಕುತ್ತಿದ್ದ 7.62 ತೋಟಾ ಇದಕ್ಕೆ ಸ್ವಂತ ಅಣ್ಣತಮ್ಮ ಅಂತಲೇ ತಿಳಿದುಕೊಳ್ಳಿ.

ಆದರೆ ಒಂದು ಮಾತು. ಎಲ್ಲರೂ ಬೋರಿನ ನಂಬರ್ ಹಿಡಿದು ಜಗಳ ಮಾಡುತ್ತಾರೆ. ಭುಜಕ್ಕೆ ಒದೆ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಹೊಸಬ ಒಂದು ಸಲ ಒದೆ ತಿಂದರೆ ಎರಡನೇ ಸಲ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ. ರಿಕ್ರೂಟುಗಳಲ್ಲಿ ದಿನಾ ನೋಡಿದ್ದೇನೆ. ಕಣ್ಣು ಮುಚ್ಚಿದವನ ಕೈಯಲ್ಲಿ ಯಾವ ರೈಫಲ್ ಇದ್ದರೇನು? ನಿಮ್ಮ ತಮ್ಮ ಎಷ್ಟು ದಪ್ಪ ಇದ್ದಾನೆ?

ಹಾನುಬಾಳು ಹುಡುಗ
ಒಣಗಿದ ಕಾಫಿ ಕಡ್ಡಿ ತರಹ ಇದ್ದಾನೆ ಸಾರ್.

ಮಾಜಿ ಹವಾಲ್ದಾರ್
ಹಾಗಾದರೆ .243 ನೋಡಲಿ.

ಡಲ್ಲಾಸ್ ದೋಸೆ
.243ರಲ್ಲಿ ಜಿಂಕೆಗೆ ತೊಂದರೆಯೇ ಇಲ್ಲ. 1955ರಿಂದ ಜನ ಅದರಲ್ಲೇ ಹೊಡೆಯುತ್ತಿದ್ದಾರೆ, ಒದೆಯೂ ತುಂಬಾ ಕಡಿಮೆ. ನನ್ನ ಅನುಮಾನ ದೊಡ್ಡ ಗಂಡು ಹಂದಿ ಬಗ್ಗೆ. ಅದರ ಭುಜದ ಮೇಲೆ ಗಟ್ಟಿ ನರದಂಥ ತಟ್ಟೆ ಇರುತ್ತದೆ, ಇಲ್ಲಿನವರು ಗುರಾಣಿ ಅನ್ನುತ್ತಾರೆ. ಹಗುರ ಗುಂಡು, ಬೇಗ ಒಡೆದುಹೋಗುವ ಗುಂಡು ಆದರೆ ಒಳಗೆ ಹೋಗದೆ ಅಲ್ಲೇ ಚೂರಾಗಬಹುದು. .243 ತಗೊಂಡರೆ 100 ಗ್ರೇನಿನ ಗಟ್ಟಿ ಗುಂಡು ಹಾಕಲಿ, ಜಾಗ ನೋಡಿ ಹೊಡೆಯಲಿ.

ಜಾಗ ಅಂದರೆ, ಜಿಂಕೆಗೆ ಮುಂಗಾಲಿನ ಹಿಂದೆ ಹೊಡೆಯುವುದು ಎಲ್ಲರಿಗೂ ಗೊತ್ತು. ಹಂದಿಗೂ ಅಲ್ಲೇ ಹೊಡೆದರೆ ಹೊಟ್ಟೆಗೆ ಬೀಳುತ್ತದೆ. ಹಂದಿಯ ಹೃದಯ ಇನ್ನೂ ಮುಂದೆ, ಇನ್ನೂ ಕೆಳಗೆ ಇರುತ್ತದೆ. ಮುಂಗಾಲಿನ ನೇರಕ್ಕೇ ಇಡಬೇಕು. ನಾನು ಹೊಡೆದ ಮೊದಲ ಹಂದಿ ಇದು ಗೊತ್ತಿಲ್ಲದೆ ತಪ್ಪಿಹೋಯಿತು. ರಾತ್ರಿ ಹನ್ನೊಂದರವರೆಗೂ ಟಾರ್ಚ್ ಹಿಡಿದು ಮುಳ್ಳಿನಲ್ಲಿ ಹುಡುಕಿದೆ. ಸಿಗಲಿಲ್ಲ. ಈಗಲೂ ನೆನೆಸಿಕೊಂಡರೆ ಬೇಜಾರು.

ಜೋಡಿ ನಳಿಗೆ
ಅದು ನಿಜ. ಗಾಯದ ಹಂದಿ ಬಿಟ್ಟು ಬರುವವನು ಬೇಟೆಗಾರನೇ ಅಲ್ಲ ಅನ್ನುತ್ತಿದ್ದರು ನಮ್ಮ ತಂದೆ. ಅವರ ಕಾಲದಲ್ಲಿ, ಕಾಯಿದೆ ಬರುವ ಮೊದಲಿನ ಮಾತು ಇದು, ಹಳು ಸೋಯಲು (ಪೊದೆ ಬಡಿದು ಪ್ರಾಣಿ ಎಬ್ಬಿಸಲು) ಹತ್ತು ಜನ, ಬಿಲ್ಲಿಗೆ (ಕೋವಿ ಹಿಡಿದು ಕಾಯಲು) ನಾಲ್ಕು ಜನ. ಒಂಟಿ ಹಂದಿಗೆ ಗಾಯವಾಯಿತು ಅಂದರೆ ನಾಯಿ ಬಿಟ್ಟು ಕತ್ತಲಾಗುವ ಮೊದಲು ಮುಗಿಸಿಯೇ ಬರಬೇಕು. ಇಲ್ಲದಿದ್ದರೆ ಮಾರನೇ ದಿನ ಸೌದೆಗೆ ಹೋದ ಹೆಂಗಸರಿಗೆ ಅಪಾಯ.

ಶುಂಠಿ ಸಾಲು | ಆಲೂರು
ನೀವೆಲ್ಲ ಅಮೆರಿಕದ ಹಂದಿ ಹೊಡೆಯುತ್ತಾ ಕೂತಿದ್ದೀರಿ. ನನ್ನ ಒಂದು ಎಕರೆ ಗದ್ದೆ ಮೂರು ರಾತ್ರಿಯಲ್ಲಿ ಹೋಯಿತು. ಪೈರು ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಬರುತ್ತವೆ. ತಿನ್ನುವುದು ಕಾಲು ಭಾಗ, ಹೊರಳಾಡಿ ಹಾಳು ಮಾಡುವುದು ಮುಕ್ಕಾಲು. ನಮಗೆ ಯಾವ ರೈಫಲ್ ಆಗುತ್ತೆ ಅದು ಹೇಳಿ ಮೊದಲು.

ಕಾನೂನು ಕಟ್ಟೆ | ಹಾಸನ
ನಿಮಗೆ ಯಾವ ರೈಫಲ್ಲೂ ಆಗುವುದಿಲ್ಲ ಸ್ವಾಮಿ. ಕೋಪ ಮಾಡಿಕೊಳ್ಳಬೇಡಿ, ಕೇಳಿ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೇ ಕಲಂ ಬೇಟೆಯನ್ನೇ ನಿಷೇಧಿಸುತ್ತದೆ. ಬೆಳೆ ರಕ್ಷಣೆಗೆ ಅಂತ ಕೋವಿ ಲೈಸೆನ್ಸ್ ಇದ್ದರೂ ಅದು ಕೋವಿ ಇಟ್ಟುಕೊಳ್ಳಲು ಕೊಟ್ಟ ಅನುಮತಿ, ಹಂದಿ ಹೊಡೆಯಲು ಕೊಟ್ಟದ್ದಲ್ಲ. ಇವೆರಡನ್ನು ಒಂದು ಮಾಡಿಕೊಂಡೇ ನಮ್ಮ ಕಡೆ ಜನ ಸಿಕ್ಕಿಬೀಳುವುದು. ಕಾಡುಹಂದಿ ಈಗ ಕಾಯಿದೆಯ ಎರಡನೇ ಅನುಸೂಚಿಯಲ್ಲಿದೆ, ಅಂದರೆ ಸಂರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ. ಬೆಳೆಗೆ ಅಥವಾ ಜೀವಕ್ಕೆ ಅಪಾಯ ಅಂತ ಖಾತ್ರಿಯಾದರೆ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರವಣಿಗೆಯಲ್ಲಿ ಅನುಮತಿ ಕೊಡಬಹುದು. ಬರವಣಿಗೆಯಲ್ಲಿ, ಗಮನಿಸಿ. ಗಾರ್ಡ್ ಬಾಯಲ್ಲಿ "ನೋಡ್ಕೊಳ್ಳಿ ಗೌಡ್ರೇ" ಅಂದದ್ದು ಅನುಮತಿ ಅಲ್ಲ.

ಜಿಂಕೆ, ಕಡವೆ, ಕಾಡುಕುರಿ, ಬರ್ಕ ಯಾವುದನ್ನೂ ಮುಟ್ಟುವ ಮಾತೇ ಬೇಡ. 2022ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಅಪರಾಧಕ್ಕೇ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಮೊದಲನೇ ಅನುಸೂಚಿಯ ಪ್ರಾಣಿ ಆದರೆ 3ರಿಂದ 7 ವರ್ಷ.

ಶುಂಠಿ ಸಾಲು
ಹಂದಿಗೆ ಕಾಯಿದೆ ಗೊತ್ತಿಲ್ಲವಲ್ಲ ವಕೀಲರೇ. ಅರ್ಜಿ ಕೊಟ್ಟು ಕಾಯುವ ಹೊತ್ತಿಗೆ ನನ್ನ ಕಣ ಖಾಲಿ.

ರೊಬಸ್ಟಾ ರಾಯ
ಹಂದಿಗೆ ನೋಟಿಸ್ ಕೊಡಿ. ಕನ್ನಡದಲ್ಲೇ ಇರಲಿ.

ಏಲಕ್ಕಿ ಅಕ್ಕ | ಕೊಪ್ಪ ಕಡೆ
ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರಿಗೇ ಅನುಮತಿ ಕೊಡುವ ಅಧಿಕಾರ ಕೊಟ್ಟಿದ್ದಾರೆ ಅಲ್ವಾ? ಲೈಸೆನ್ಸ್ ಇರುವವರ ಪಟ್ಟಿ ಮಾಡಿಕೊಂಡು ಅವರಿಂದಲೇ ಹೊಡೆಸುತ್ತಾರೆ ಅಂತ ಕೇಳಿದ್ದೇನೆ.

ಕಾನೂನು ಕಟ್ಟೆ
ಹೌದು ಅಕ್ಕ. ಅಲ್ಲೂ ವಿಷ, ಸಿಡಿಮದ್ದು, ಕರೆಂಟ್ ಇವಕ್ಕೆ ಅವಕಾಶ ಇಲ್ಲ. ಕೆಲವರು ಕೇಳುವ ಇನ್ನೊಂದು ದಾರಿ 62ನೇ ಕಲಂ, ಅಂದರೆ ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಆ ಪ್ರಾಣಿಯನ್ನು ಪೀಡಕ ಅಂತ ಘೋಷಿಸುವುದು. ಬಿಹಾರ, ಉತ್ತರಾಖಂಡದಲ್ಲಿ ಹಿಂದೆ ಹಂದಿಗೆ ಮಾಡಿದ್ದರು.

ಭದ್ರಾ ಬೈನೆ | ಚಿಕ್ಕಮಗಳೂರು
ಸುಮ್ನೆ ಓದುತ್ತಿದ್ದೆ, ಸಿಡಿಮದ್ದು ಅಂದಾಗ ಉರುಳಿನದ್ದೂ ನೆನಪಾಗಿ ತಡೆಯಲಾಗಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ತೋಟದ ಬೇಲಿಯಲ್ಲಿ ಹಂದಿಗೆ ಇಟ್ಟ ಕೇಬಲ್ ಉರುಳಿಗೆ ಚಿರತೆ ಸಿಕ್ಕಿತ್ತು. ಸೊಂಟಕ್ಕೆ ಬಿಗಿದಿತ್ತು. ಡಾಕ್ಟರು ಬರುವ ಹೊತ್ತಿಗೆ ಮುಗಿದಿತ್ತು. ಉರುಳು ಇಟ್ಟವನು ಹಂದಿ ತಿನ್ನುವ ಚಿರತೆಯನ್ನೇ ಕೊಂದ. ಹಂದಿ ಮರಿ ಹಿಡಿಯುವುದು ಚಿರತೆ ಅಲ್ಲದೆ ಇನ್ಯಾರು? ಭದ್ರಾ ಕಾಡಿನಲ್ಲಿ ಹುಲಿ ಉಳಿದಿರುವುದೂ ಜಿಂಕೆ, ಕಡವೆ, ಹಂದಿ ಇರುವುದರಿಂದಲೇ.

ಸಿಡಿಮದ್ದು ಇನ್ನೂ ಹೊಲಸು. ಹಿಟ್ಟಿನಲ್ಲಿ ಸುತ್ತಿ ಇಟ್ಟಿದ್ದನ್ನು ನಮ್ಮ ಕೂಲಿಯವರ ಹಸು ಕಚ್ಚಿತು. ದವಡೆ ಹಾರಿಹೋಯಿತು. ಅದನ್ನು ನೋಡಿದ ಮೇಲೆ ಅನ್ನ ಇಳಿಯಲಿಲ್ಲ.

ಶುಂಠಿ ಸಾಲು
ಉರುಳು, ಮದ್ದು ನಾನು ಇಟ್ಟವನಲ್ಲ, ಇಡುವವನೂ ಅಲ್ಲ. ಆದರೆ ಸೋಲಾರ್ ಬೇಲಿಯೂ ಹಂದಿಗೆ ಸರಿಯಾಗಿ ನಿಲ್ಲುವುದಿಲ್ಲ. ಹಾಕಿಸಿದವರು ಹೇಳಿದ್ದೇ ಒಂದು, ಆದದ್ದೇ ಒಂದು.

ಏಲಕ್ಕಿ ಅಕ್ಕ
ಕೆಳಗಿನ ತಂತಿ ನೆಲದಿಂದ ಎಷ್ಟು ಎತ್ತರಕ್ಕಿದೆ? ಆನೆಗೆ ಹಾಕುವ ಹಾಗೆ ಹಾಕಿಬಿಟ್ಟಿರುತ್ತಾರೆ, ಹಂದಿ ಅಡಿಯಲ್ಲಿ ತೂರಿ ಹೋಗುತ್ತದೆ. ಹಂದಿಗೆ ಮೂತಿ ಮಟ್ಟದಲ್ಲಿ ಒಂದು, ಅದರ ಮೇಲೆ ಗೇಣು ಬಿಟ್ಟು ಇನ್ನೊಂದು ಬೇಕು. ಆಮೇಲೆ ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕೆ ಇಳಿಯುತ್ತದೆ. ನಾನು ಹದಿನೈದು ದಿನಕ್ಕೊಮ್ಮೆ ತಂತಿ ಕೆಳಗೆ ಕತ್ತಿ ಆಡಿಸುತ್ತೇನೆ. ಬೇಲಿ ಹಾಕಿಸಿ ಮಲಗಿದರೆ ಆಗಲ್ಲ. ಮೇನ್ ಲೈನಿನಿಂದ ನೇರ ಕರೆಂಟ್ ಕೊಡುವ ಯೋಚನೆ ಮಾತ್ರ ಮಾಡಬೇಡಿ, ಮೊದಲು ಸಾಯುವುದು ಮನೆಯವರೇ.

ಶುಂಠಿ ಸಾಲು
ಕೆಳಗಿನ ತಂತಿ ಮೊಣಕಾಲು ಎತ್ತರಕ್ಕಿದೆ ಅಕ್ಕ. ಈಗ ಗೊತ್ತಾಯಿತು. ನಾಳೆಯೇ ನೋಡುತ್ತೇನೆ.

ವೇದಿಕೆ ನಿರ್ವಾಹಕ
ಮೂಲ ವಿಷಯ ತಮ್ಮನ ರೈಫಲ್. ಬೇಲಿಗೆ ಬೇರೆ ಎಳೆ ಇದೆ. ಮತ್ತೆ, ಇಲ್ಲಿ ಯಾರಾದರೂ "ನಾನು ಹೋದ ವಾರ ಹೊಡೆದೆ" ಅಂತ ಫೋಟೋ ಹಾಕಿದರೆ ತೆಗೆಯುತ್ತೇನೆ, ಖಾತೆಯೂ ಹೋಗುತ್ತದೆ. ಹೋದ ವರ್ಷದ ಅನುಭವ ಸಾಕು.

ರೊಬಸ್ಟಾ ರಾಯ
ಹಂದಿ ಸಾರು, ಕಡುಬಿನ ಫೋಟೋ ಹಾಕಬಹುದಾ? ಸಾಕಿದ ಹಂದಿ, ಬಿಲ್ ಇದೆ.

ವೇದಿಕೆ ನಿರ್ವಾಹಕ
ಹಾಕಿ. ನಮಗೂ ಕಳಿಸಿ.

ಡಲ್ಲಾಸ್ ದೋಸೆ
ಹಾನುಬಾಳು ಅವರೇ, ಒಂದು ಮುಖ್ಯ ವಿಷಯ ಕೇಳಲು ಮರೆತೆ. ನಿಮ್ಮ ತಮ್ಮ ಯಾವ ವೀಸಾದಲ್ಲಿದ್ದಾನೆ?

ಹಾನುಬಾಳು ಹುಡುಗ
ಎಚ್‌1ಬಿ, ಕೆಲಸದ ವೀಸಾ ಅಂತ ಕಾಣುತ್ತೆ. ಯಾಕೆ?

ಡಲ್ಲಾಸ್ ದೋಸೆ
ಹಾಗಾದರೆ ರೈಫಲ್ ಮಾತು ಆಮೇಲೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್‌1ಬಿ ಥರದ ವೀಸಾದವರು ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಗೆಳೆಯರದ್ದನ್ನು ಕೈಯಲ್ಲಿ ಹಿಡಿದರೂ ತಪ್ಪು. ಆದರೆ ವಿನಾಯಿತಿಗಳಿವೆ. ಅದರಲ್ಲಿ ನಮ್ಮಂಥವರಿಗೆ ಬರುವುದು ಒಂದು: ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರಬೇಕು.

ಇಲ್ಲೇ ತಮಾಷೆ ಇರುವುದು. ಟೆಕ್ಸಾಸಿನಲ್ಲಿ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ಹಂದಿ ಹೊಡೆಯಲು 2019ರಿಂದ ಲೈಸೆನ್ಸೇ ಬೇಡ. ಆಫೀಸಿನವರು "ಹಂದಿಗೆ ಲೈಸೆನ್ಸ್ ಯಾಕೆ, ಸುಮ್ನೆ ಬಾ" ಅಂದಿರುತ್ತಾರೆ. ಅವರ ಮಟ್ಟಿಗೆ ಅದು ಸರಿ. ನಿಮ್ಮ ತಮ್ಮನ ಮಟ್ಟಿಗೆ ತಪ್ಪು. ಹಂದಿಗಾಗಿ ಅಲ್ಲ, ಕೋವಿ ಕೈಗೆ ಬರಲು ಅವನಿಗೆ ಲೈಸೆನ್ಸ್ ಬೇಕು. ಒಂದು ದಿನ ಲ್ಯಾಪ್ಸ್ ಆದರೂ ವೀಸಾಕ್ಕೇ ಕುತ್ತು. ಒಬ್ಬ ವಕೀಲರನ್ನೂ ಕೇಳಿಕೊಳ್ಳಲಿ.

ಆಮೇಲೆ ಬೇಟೆ ಶಿಕ್ಷಣದ ಕೋರ್ಸ್ ಮಾಡಬೇಕು. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅದು ಕಡ್ಡಾಯ. ಕೋವಿ ಹಿಡಿಯುವುದು, ಬೇಲಿ ದಾಟುವುದು ಹೇಗೆ ಅಂತೆಲ್ಲ ಹೇಳಿಕೊಡುತ್ತಾರೆ. ಒಂದು ದಿನ ಹೋಗುತ್ತದೆ, ಹೋಗಲಿ.

ಹಾನುಬಾಳು ಹುಡುಗ
ಅಯ್ಯೋ ದೇವರೇ. ಇದನ್ನು ಈಗಲೇ ಅವನಿಗೆ ಕಳಿಸುತ್ತೇನೆ. ಹೋದ ಭಾನುವಾರ ಗೆಳೆಯರ ಕೋವಿ ಹಿಡಿದು ಫೋಟೋ ಬೇರೆ ಕಳಿಸಿದ್ದ.

ಮಾಜಿ ಹವಾಲ್ದಾರ್
ಫೋಟೋದಲ್ಲಿ ಬೆರಳು ಎಲ್ಲಿತ್ತು?

ಹಾನುಬಾಳು ಹುಡುಗ
ಟ್ರಿಗರ್ ಮೇಲೆ ಸಾರ್.

ಮಾಜಿ ಹವಾಲ್ದಾರ್
ಗೊತ್ತಿತ್ತು.

ಭದ್ರಾ ಬೈನೆ
ಒಂದು ಕುತೂಹಲ. ಟೆಕ್ಸಾಸಿನಲ್ಲಿ ನಮ್ಮ ಚುಕ್ಕಿ ಜಿಂಕೆಯೂ ಇದೆ ಅಂತ ಓದಿದ್ದೆ. ನಿಜವಾ?

ಡಲ್ಲಾಸ್ ದೋಸೆ
ನಿಜ. ಆಕ್ಸಿಸ್ ಡಿಯರ್ ಅನ್ನುತ್ತಾರೆ. 1932ರಲ್ಲಿ ತಂದು ಬಿಟ್ಟರು, ಬೇಲಿ ಹಾರಿ ಹರಡಿಕೊಂಡಿತು. ಇವರ ತಮ್ಮ ಹೋಗುವ ಸ್ಯಾನ್ ಆಂಟೋನಿಯೋ ಕಡೆ ಗುಡ್ಡಗಳಲ್ಲಿ ಧಾರಾಳ. ಊರಿನ ಪ್ರಾಣಿ ಅಲ್ಲ, ಹೊರಗಿನದ್ದು ಅಂತ ಅದಕ್ಕೆ ಸೀಸನ್ನೇ ಇಲ್ಲ, ವರ್ಷವಿಡೀ ಹೊಡೆಯಬಹುದು. ಇಲ್ಲಿನ ಬಿಳಿಬಾಲದ ಜಿಂಕೆಗೆ ಮಾತ್ರ ನವೆಂಬರ್ ಮೊದಲ ಶನಿವಾರದಿಂದ ಸೀಸನ್, ಟ್ಯಾಗ್, ಲೆಕ್ಕ ಎಲ್ಲ ಇದೆ.

ಊರ ಕಡೆ ಮುತ್ತೋಡಿ ಕಾಡಿನಲ್ಲಿ ಜೀಪಿನಿಂದ ಇಳಿಯದೆ ನೋಡುತ್ತಿದ್ದ ಪ್ರಾಣಿ ಇಲ್ಲಿ ಪೆಟ್ರೋಲ್ ಬಂಕಿನ ಹಿಂದೆ ನಿಂತಿರುತ್ತದೆ. ನಾನು ಹಂದಿ ಹೊಡೆದಿದ್ದೇನೆ, ಬಿಳಿಬಾಲದ್ದೂ ಹೊಡೆದಿದ್ದೇನೆ. ಚುಕ್ಕಿಯದ್ದಕ್ಕೆ ಮಾತ್ರ ಎರಡು ಸಲ ಗುರಿ ಇಟ್ಟು ಕೆಳಗಿಳಿಸಿದೆ. ಕಾರಣ ಕೇಳಬೇಡಿ.

ಭದ್ರಾ ಬೈನೆ
ಕೇಳುವುದಿಲ್ಲ. 🙏

ಜೋಡಿ ನಳಿಗೆ
ನಮ್ಮ ಕಡೆ .315 ರೈಫಲ್ ಕೆಲವು ತೋಟದವರ ಹತ್ತಿರ ಇತ್ತು. ನಮ್ಮ ಸರ್ಕಾರಿ ಕಾರ್ಖಾನೆಯದ್ದು. ಅದನ್ನೇ ಅಮೆರಿಕಕ್ಕೆ ಒಯ್ಯಬಾರದಾ?

ಮಾಜಿ ಹವಾಲ್ದಾರ್
ಗೌಡ್ರೇ, ಅಲ್ಲಿ ಅದಕ್ಕೆ ತೋಟಾ ಎಲ್ಲಿಂದ ತರುವುದು? ಸೇನೆಯ .303 ಸಾರ್ವಜನಿಕರಿಗೆ ಸಿಗಬಾರದು ಅಂತ ಇಟ್ಟಿದ್ದರಿಂದ ನಮ್ಮಲ್ಲಿ .315 ನಡೆಯಿತು. .303 ಇವತ್ತಿಗೂ ನಿಷೇಧಿತ ಬೋರ್. ಅವನು ಅಲ್ಲಿ ಆರಿಸುವುದು ಮಿಠಾಯಿ ಅಂಗಡಿಯಲ್ಲಿ, ನಾವು ಇಲ್ಲಿ ಆರಿಸುವುದು ರೇಷನ್ ಅಂಗಡಿಯಲ್ಲಿ.

ಇನ್ನೊಂದು. ನಮ್ಮ ತೋಟಗಳಿಗೆ ರೈಫಲ್ ಇಲ್ಲದಿರುವುದೇ ಒಳ್ಳೆಯದು ಅಂತ ನನ್ನ ಖಚಿತ ಅಭಿಪ್ರಾಯ. ರೈಫಲ್ ಗುಂಡು ತಪ್ಪಿದರೆ ಮೂರು ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ಹಂದಿಯ ಹಿಂದೆ ಕಾಫಿ ಗಿಡ, ಗಿಡದ ಹಿಂದೆ ಕೂಲಿಯವರ ಮನೆ ಲೈನು, ಲೈನಿನ ಹಿಂದೆ ರಸ್ತೆ. ಹೊಡೆಯುವವನು ಪ್ರಾಣಿ ನೋಡುತ್ತಾನೆ, ಪ್ರಾಣಿಯ ಹಿಂದೆ ಏನಿದೆ ನೋಡುವುದಿಲ್ಲ. ತಮ್ಮನಿಗೆ ಮೊದಲ ಪಾಠ ಇದನ್ನೇ ಹೇಳಿ. ಹಿಂದೆ ಮಣ್ಣಿನ ದಿಬ್ಬ ಇದ್ದರೆ ಹೊಡಿ, ಆಕಾಶ ಕಂಡರೆ ಬಿಡು. ಬೋರ್ ಯಾವುದು ಅನ್ನುವುದು ಆಮೇಲಿನ ಪ್ರಶ್ನೆ.

ಜೋಡಿ ನಳಿಗೆ
ಇದಕ್ಕೆ ಎದುರಾಡುವುದಿಲ್ಲ. ನಮ್ಮೂರಲ್ಲೇ ಮರಸಿಗೆ (ಅಡಗಿ ಕಾಯಲು) ಕೂತವನು ಗೆದ್ದಲು ಹುತ್ತದ ಪಕ್ಕ ಅಲ್ಲಾಡಿದ್ದಕ್ಕೆ ಈಡು ಹೊಡೆದ. ಅಲ್ಲಿದ್ದವನು ಅವನ ಷಡ್ಡಕ. ಈಡು ಕಾಲಿಗೆ ಬಿದ್ದದ್ದರಿಂದ ಬದುಕಿದ. ಆ ಎರಡು ಮನೆಯವರು ಇವತ್ತಿಗೂ ಮದುವೆಗೆ ಹೋಗಿಬರುವುದಿಲ್ಲ.

ರೊಬಸ್ಟಾ ರಾಯ
ಷಡ್ಡಕ ಅಂತ ಗೊತ್ತಾಗಿಯೇ ಹೊಡೆದನೋ ಏನೋ.

ಏಲಕ್ಕಿ ಅಕ್ಕ
ರಾಯರೇ, ಸಾಕು.

ಕಾನೂನು ಕಟ್ಟೆ
ನಾನು ಮೊದಲ ಪೋಸ್ಟ್ ಮತ್ತೆ ಓದಿದೆ. ಹಾನುಬಾಳು ಅವರೇ, ಅಪ್ಪ ಹೋಗಿ ಒಂದೂವರೆ ವರ್ಷ ಆಯಿತು ಅಂದಿರಿ. ಕೋವಿ ಗೋಡೆಯಲ್ಲಿದೆ ಅಂದಿರಿ. ಲೈಸೆನ್ಸ್ ಯಾರ ಹೆಸರಿನಲ್ಲಿದೆ?

ಹಾನುಬಾಳು ಹುಡುಗ
ಅಪ್ಪನ ಹೆಸರಿನಲ್ಲೇ ಇದೆ ಸಾರ್. ಪುಸ್ತಕ ಬೀರುವಿನಲ್ಲಿದೆ.

ಕಾನೂನು ಕಟ್ಟೆ
ಹಾಗಾದರೆ ತಮ್ಮನ ಕಥೆ ಬಿಡಿ, ಮೊದಲು ನಿಮ್ಮ ಕಥೆ ನೋಡೋಣ. ಲೈಸೆನ್ಸ್‌ದಾರರು ತೀರಿಹೋದ ದಿನವೇ ಆ ಲೈಸೆನ್ಸ್ ಮುಗಿಯಿತು. ಈಗ ನಿಮ್ಮ ಮನೆಯಲ್ಲಿರುವುದು ಲೈಸೆನ್ಸ್ ಇಲ್ಲದ ಕೋವಿ. 1959ರ ಶಸ್ತ್ರಾಸ್ತ್ರ ಕಾಯಿದೆಯ 21ನೇ ಕಲಂ ಪ್ರಕಾರ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಇಟ್ಟು ರಸೀದಿ ತಗೊಳ್ಳಬೇಕಿತ್ತು. ಇದು ಕೊಡಗಲ್ಲ. ಅಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೆ ಕೆಲವು ಕೋವಿಗಳಿಗೆ 2029ರವರೆಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮಗೆ ಇಲ್ಲ.

ಹೆದರಬೇಡಿ. ತಾವಾಗಿಯೇ ಹೋಗಿ ಇಡುವವರನ್ನು ಯಾರೂ ಹಿಡಿದು ಒಳಗೆ ಹಾಕುವುದಿಲ್ಲ, ನನ್ನ ಅನುಭವದಲ್ಲಂತೂ ಇಲ್ಲ. ಒಬ್ಬ ವಕೀಲರ ಜೊತೆ ಪತ್ರ ಬರೆದುಕೊಂಡು ಹೋಗಿ. ಆಮೇಲೆ 2016ರ ನಿಯಮಗಳಲ್ಲಿ ವಾರಸುದಾರರಿಗೆ ದಾರಿ ಇದೆ. ಮರಣ ಪತ್ರ, ಹಳೇ ಲೈಸೆನ್ಸ್, ಉಳಿದ ವಾರಸುದಾರರ ಒಪ್ಪಿಗೆ ಇಟ್ಟು ಡಿಸಿ ಕಚೇರಿಗೆ ಅರ್ಜಿ. ಪೊಲೀಸ್ ವರದಿ, ಕೋವಿ ಬಳಕೆಯ ತರಬೇತಿ, ವೈದ್ಯರ ಪತ್ರ ಎಲ್ಲ ಕೇಳುತ್ತಾರೆ.

ಹಾನುಬಾಳು ಹುಡುಗ
ಕೈಕಾಲು ತಣ್ಣಗಾಯಿತು. ನಿಜವಾಗಿ ಗೊತ್ತಿರಲಿಲ್ಲ. ಅಮ್ಮ "ಅಪ್ಪನ ನೆನಪಿಗೆ ಇರಲಿ" ಅಂದಳು, ಹಾಗೇ ಇಟ್ಟೆವು. ಪೂಜೆಯ ಫೋಟೋ ಸ್ಟೇಟಸ್ ಬೇರೆ ಹಾಕಿದ್ದೆ.

ಏಲಕ್ಕಿ ಅಕ್ಕ
ತಮ್ಮಾ, ಗಾಬರಿ ಬೇಡ. ನಮ್ಮ ಯಜಮಾನರು ಹೋದಾಗ ನನಗೂ ಇದೇ ಆಯಿತು. ಹನ್ನೊಂದನೇ ದಿನ ಕಾರ್ಯಕ್ಕೆ ಬಂದ ಅವರ ಸ್ನೇಹಿತರೊಬ್ಬರು ಕೇಳಿದರು, ಕೋವಿ ಎಲ್ಲಮ್ಮಾ ಅಂತ. ಅವರೇ ಕರೆದುಕೊಂಡು ಹೋಗಿ ಅಂಗಡಿಯಲ್ಲಿ ಇಡಿಸಿದರು. ನನ್ನ ಹೆಸರಿಗೆ ಆಗಲು ಒಂದು ವರ್ಷದ ಮೇಲೆ ಹಿಡಿಯಿತು. ಒಂದು ಕಚೇರಿಯಲ್ಲಿ "ನಿಮಗೆ ಯಾಕಮ್ಮ ಕೋವಿ, ಗಂಡುಮಕ್ಕಳಿಲ್ವಾ?" ಅಂತ ಕೇಳಿದರು. ತೋಟದ ಮನೆಯಲ್ಲಿ ರಾತ್ರಿ ಒಬ್ಬಳೇ ಇರುವವಳು ನಾನು, ಗಂಡುಮಕ್ಕಳು ಬೆಂಗಳೂರಲ್ಲಿದ್ದಾರೆ ಅಂದೆ. ಸುಮ್ಮನಾದರು. ಈಗ ಲೈಸೆನ್ಸ್ 5 ವರ್ಷಕ್ಕೆ ಇರುತ್ತದೆ, ಮೊದಲು 3 ಇತ್ತು. ಚುನಾವಣೆ ಬಂದಾಗ ಠಾಣೆಗೆ ಒಯ್ದಿಡುವ ತಲೆನೋವು ಮಾತ್ರ ತಪ್ಪಲಿಲ್ಲ. 2023ರಲ್ಲಿ ವಿಧಾನಸಭೆಗೆ ಇಟ್ಟೆ, 2024ರಲ್ಲಿ ಲೋಕಸಭೆಗೆ ಮತ್ತೆ ಇಟ್ಟೆ.

ಜೋಡಿ ನಳಿಗೆ
ನನ್ನ ಕೋವಿ ನನಗಿಂತ ಜಾಸ್ತಿ ಸಲ ಠಾಣೆ ನೋಡಿದೆ.

ಶುಂಠಿ ಸಾಲು
ಗೋಡೆಯಲ್ಲಿ ಕಡವೆ ಕೊಂಬೂ ಇದ್ದರೆ ಅದನ್ನೂ ಕೇಳಿಬಿಡಿ ವಕೀಲರನ್ನ. ನಮ್ಮ ದೊಡ್ಡಪ್ಪನ ಮನೆಯಲ್ಲಿತ್ತು.

ಕಾನೂನು ಕಟ್ಟೆ
ಒಳ್ಳೆ ನೆನಪು ಮಾಡಿದಿರಿ. ಕೊಂಬು, ಚರ್ಮ, ಉಗುರು ಇಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು. 2003ರಲ್ಲಿ ಘೋಷಿಸಿಕೊಳ್ಳಲು 180 ದಿನ ಅವಕಾಶ ಕೊಟ್ಟಿದ್ದರು. ಅವತ್ತು ಸುಮ್ಮನಿದ್ದವರು 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಗಲಾಟೆ ಎದ್ದಾಗ ನನ್ನ ಕಚೇರಿಗೆ ಓಡಿಬಂದರು. ತಾತ ಹೊಡೆದದ್ದು ಅನ್ನುವುದು ಕಾಗದ ಅಲ್ಲ.

ಹಾನುಬಾಳು ಹುಡುಗ
ಕೊಂಬು ಇಲ್ಲ, ಪುಣ್ಯಕ್ಕೆ. ನಾಳೆ ಬೆಳಿಗ್ಗೆ ಮಾವನ ಜೊತೆ ಹೋಗುತ್ತೇನೆ.

ರೊಬಸ್ಟಾ ರಾಯ
ಒಬ್ಬನಿಗೆ ರೈಫಲ್ ಆರಿಸಲು ಬಂದು ತಾನೇ ಕೋವಿ ಕಳೆದುಕೊಂಡ. ಇಂಥ ಎಳೆ ಈ ವೇದಿಕೆಯಲ್ಲಿ ಬಂದೇ ಇಲ್ಲ.

ಹಾನುಬಾಳು ಹುಡುಗ | ನಾಲ್ಕು ದಿನದ ನಂತರ
ಕೋವಿ ಮತ್ತು ಉಳಿದಿದ್ದ ಹನ್ನೊಂದು ತೋಟಾ ಹಾಸನದ ಒಂದು ಅಂಗಡಿಯಲ್ಲಿ ಇಟ್ಟು ರಸೀದಿ ತಗೊಂಡೆ. ಠಾಣೆಗೂ ಪತ್ರ ಕೊಟ್ಟೆ. ಒಬ್ಬರು ಬೈದರು, ಇನ್ನೊಬ್ಬರು ಕಾಫಿ ಕುಡಿಸಿದರು. ಅಂಗಡಿಯವರು ನಳಿಗೆ ಒಳಗೆ ನೋಡಿ "ತುಕ್ಕು ಹಿಡಿದಿದೆ, ಹೊರಗೆ ಮಾತ್ರ ಎಣ್ಣೆ ಹಾಕಿದ್ದೀರಿ" ಅಂದರು. ನಾಚಿಕೆಯಾಯಿತು.

ಅರ್ಜಿಗೆ ತಮ್ಮನ ಒಪ್ಪಿಗೆ ಪತ್ರ ಬೇಕಂತೆ. ಅದೂ ಸುಮ್ನೆ ಸಹಿ ಅಲ್ಲ, ಹ್ಯೂಸ್ಟನ್ನಿನ ನಮ್ಮ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ ಅಂದಿದ್ದಾರೆ. ಅವನಿಗೂ ಈ ಎಳೆಯ ಲಿಂಕ್ ಕಳಿಸಿದ್ದೇನೆ.

ಟೆಕ್ಸಾಸ್ ತಮ್ಮ | ಹೊಸ ಸದಸ್ಯ
ಎಲ್ಲ ಓದಿದೆ. ಅಣ್ಣ ನನ್ನನ್ನು ಒಣಗಿದ ಕಾಫಿ ಕಡ್ಡಿ ಅಂದದ್ದನ್ನೂ ಓದಿದೆ.

ಡಲ್ಲಾಸ್ ಅವರಿಗೆ ದೊಡ್ಡ ನಮಸ್ಕಾರ. ವೀಸಾ ವಿಷಯ ಇಲ್ಲಿ ಯಾರೂ ಹೇಳಿರಲಿಲ್ಲ. ಇಮಿಗ್ರೇಶನ್ ವಕೀಲರನ್ನು ಕೇಳಿದೆ, ಅವರೂ ಅದನ್ನೇ ಹೇಳಿದರು. ಕೋರ್ಸ್ ಮುಗಿಸಿದೆ, ಬೇಟೆ ಲೈಸೆನ್ಸ್ ತಗೊಂಡೆ. ಆಮೇಲೆ ರೇಂಜಿನಲ್ಲಿ ಬಾಡಿಗೆಗೆ ಮೂರು ರೈಫಲ್ ಹಾರಿಸಿ ನೋಡಿದೆ. .30-06 ಐದು ಸಲ ಹೊಡೆದೆ, ಭುಜ ನೀಲಿಯಾಯಿತು, ಐದೂ ಎಲ್ಲೆಲ್ಲೋ ಹೋದವು. .308ರಲ್ಲಿ ಪರವಾಗಿಲ್ಲ. .243ರಲ್ಲಿ ನೂರು ಗಜಕ್ಕೆ ಐದೂ ಗುಂಡು ಒಂದು ಅಕ್ಕಿ ರೊಟ್ಟಿಯೊಳಗೆ.

ಮಾಜಿ ಹವಾಲ್ದಾರ್
ದೊಡ್ಡ ರೊಟ್ಟಿಯೋ ಚಿಕ್ಕ ರೊಟ್ಟಿಯೋ?

ಟೆಕ್ಸಾಸ್ ತಮ್ಮ
ದೊಡ್ಡದು ಸಾರ್. ನಮ್ಮಮ್ಮ ತಟ್ಟುವ ಅಳತೆ.

ಮಾಜಿ ಹವಾಲ್ದಾರ್
ಸೀಸನ್‌ವರೆಗೆ ಚಿಕ್ಕ ರೊಟ್ಟಿಗೆ ತರಬೇಕು. ವಾರಕ್ಕೆ ಇಪ್ಪತ್ತು ಗುಂಡು, ಕೂತು ಹೊಡಿ, ಮೊಣಕಾಲೂರಿ ಹೊಡಿ. ಟೇಬಲ್ ಮೇಲೆ ಇಟ್ಟು ಹೊಡೆಯುವುದು ಲೆಕ್ಕಕ್ಕಿಲ್ಲ.

ಡಲ್ಲಾಸ್ ದೋಸೆ
ಹಾಗಾದರೆ .243 ತಗೊಳ್ಳಿ, ನನ್ನ ಮಾತು ವಾಪಸ್. 100 ಗ್ರೇನ್, ನೂರು ಗಜದೊಳಗೆ, ದೊಡ್ಡ ಗಂಡು ಹಂದಿ ಎದುರು ಮುಖ ಮಾಡಿ ನಿಂತಿದ್ದರೆ ಬಿಡಿ, ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ. 3ರಿಂದ 9 ಪಟ್ಟಿನ ಸಾಧಾರಣ ದುರ್ಬೀನು ಸಾಕು, ದುಡ್ಡು ಉಳಿದರೆ ತೋಟಾಕ್ಕೆ ಹಾಕಿ. ಮಾಂಸ ಕೊಯ್ಯುವಾಗ ಕೈಗವಸು ಮರೆಯಬೇಡಿ, ಕಾಡುಹಂದಿಯಿಂದ ಬ್ರುಸೆಲ್ಲಾ ಜ್ವರ ಬರಬಹುದು. ಚೆನ್ನಾಗಿ ಬೇಯಿಸಿ.

ಜೋಡಿ ನಳಿಗೆ
ಮೆಣಸು ಜಾಸ್ತಿ ಹಾಕು ಮಗಾ. ಅಲ್ಲಿ ಸಿಗುವ ಮೆಣಸಿಗೆ ಖಾರ ಇರಲ್ಲವಂತೆ, ಊರಿನದ್ದು ತರಿಸಿಕೋ.

ಹಾನುಬಾಳು ಹುಡುಗ
ಮೆಣಸು ನಾನು ಕಳಿಸುತ್ತೇನೆ. ಒಪ್ಪಿಗೆ ಪತ್ರ ಯಾವಾಗ?

ಟೆಕ್ಸಾಸ್ ತಮ್ಮ
ಮುಂದಿನ ಮಂಗಳವಾರ ಹ್ಯೂಸ್ಟನ್ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಮೂರು ಗಂಟೆ ಡ್ರೈವ್. ಅಣ್ಣಾ, ಒಳಗಡೆಯ ತುಕ್ಕು ತೆಗೆಸು ಮೊದಲು, ಅಂಗಡಿಯವರಿಗೇ ಹೇಳಿ ಮಾಡಿಸು. ದುಡ್ಡು ನಾನು ಹಾಕುತ್ತೇನೆ.